ಒಂದೇ ಲೈನಿನ ಮನೆ

"ಯಾರ್ರೀ ಅದು, ನೆಟ್ ಜಗ್ಗಾಕತ್ತೀರಿ?"

ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು ಕಾಕು ಹೀಗೊಂದು ಕೂಗು ಹಾಕಿದರೆ ಸಾಕು, ಕೆಳಗಿದ್ದ ನಾವೆಲ್ಲ ಮಾಡುತ್ತಿದ್ದ ಕೆಲಸ ನಿಲ್ಲಿಸಿ ನಮ್ಮ ನಮ್ಮ ಕಂಪ್ಯೂಟರುಗಳನ್ನು ಅನುಮಾನದಿಂದ ನೋಡುತ್ತಿದ್ದೆವು. ಕಳೆದ ತಿಂಗಳು, ಆ ಮನೆಯಲ್ಲಿ ನಮ್ಮಂತೆಯೇ ಬಾಡಿಗೆಗಿದ್ದ ವೈಶಾಲಿ ಫೋನು ಮಾಡಿ ಕಾಕು ಹೋದರೆಂದು ಹೇಳಿದಳು. ಇಬ್ಬರೂ ಅತ್ತದ್ದು ನಿಜ. ಆದರೆ ಅಳುವಿನ ಮಧ್ಯೆ ಅವಳು ಈ ಕೂಗನ್ನು ಕಾಕುವಿನ ದನಿಯಲ್ಲೇ ಕೂಗಿ ತೋರಿಸಿದಳು, ಆಮೇಲೆ ಅಳು ಮುಂದುವರಿಯಲಿಲ್ಲ. ಕಾಕುವನ್ನು ನೆನೆದುಕೊಂಡು ಬರೀ ಅಳುವುದು ನಮ್ಮಿಬ್ಬರಿಗೂ ಆಗದ ಕೆಲಸ.

ಕಾಕು ಎಂದರೆ ಮರಾಠಿಯಲ್ಲೂ ವಿಜಾಪುರದ ಕಡೆಯ ಕನ್ನಡದಲ್ಲೂ ಚಿಕ್ಕಮ್ಮ. ನಮ್ಮ ಮೈಸೂರಿನ ಪಂಡಿತರ ಕನ್ನಡದಲ್ಲಿ ಕಾಕು ಎಂದರೆ ಕುಹಕದ ದನಿ. ನನ್ನ ಮಟ್ಟಿಗೆ ಎರಡೂ ಅರ್ಥ ಸರಿಯಾಗಿಯೇ ಇದ್ದವು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಅದನ್ನು ಹಿಡಿದು ಕರೆದವರನ್ನು ನಾನು ಕಾಣೆ. ಅವರ ಗಂಡ ಕಾಕಾ ಕೂಡ ಕೆಲವೊಮ್ಮೆ ಮೈಮರೆತು "ಕಾಕು, ಚಾ ಆತೇನು?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದರು.

ನಾನು ಬ್ಯಾಂಕಿನ ಕೆಲಸದ ಮೇಲೆ ನಾಗಪುರಕ್ಕೆ ವರ್ಗವಾಗಿ ಬಂದಾಗ ಮನೆ ಹುಡುಕುತ್ತ ಧರಂಪೇಠದ ಒಳರಸ್ತೆಯೊಂದರಲ್ಲಿ ಅವರ ಗೇಟಿನ ಮುಂದೆ ನಿಂತಿದ್ದೆವು. ನನ್ನ ಗಂಡನಿಗೆ ಮನೆಯಲ್ಲೇ ಕೆಲಸ. ಕಂಪ್ಯೂಟರಿನಲ್ಲಿ ಕಟ್ಟಡಗಳ ನಕ್ಷೆ ಬರೆದು ಬೆಂಗಳೂರಿಗೆ ಕಳಿಸಬೇಕು. ಗಟ್ಟಿ ಕಲ್ಲಿನ ಗೋಡೆ, ಎತ್ತರದ ಚಾವಣಿ, ಅಂಗಳದಲ್ಲಿ ಬೇವಿನ ಮರ ಇದ್ದ ಹಳೆಯ ಮನೆ ನನಗೆ ಹಿಡಿಸಿತ್ತು, ಅವನಿಗೆ ಹಿಡಿಸಿರಲಿಲ್ಲ. ಕಾಕು ಮರಾಠಿಯಲ್ಲಿ ಮನೆಯ ಗುಣಗಾನ ಮಾಡುತ್ತಿದ್ದಂತೆ ನಾವು ಕನ್ನಡದಲ್ಲಿ ಪಿಸುಪಿಸು ಜಗಳ ಆಡುತ್ತಿದ್ದೆವು.

"ಕನ್ನಡದವ್ರೇನು?" ಎಂದು ಕಾಕು ಸೊಂಟಕ್ಕೆ ಕೈ ಕೊಟ್ಟರು. "ಮೊದ್ಲ ಹೇಳಬಾರ್ದೇನ್ರಿ? ಇಷ್ಟೊತ್ತನಕ ಸುಮ್ನ ಮರಾಠಿ ಖರ್ಚ್ ಮಾಡಿದ್ನಲ್ಲ!"

ನಾನು ನಗುತ್ತ, ನಾವು ಮೈಸೂರಿನವರು ಎಂದೆ.

"ಅದು ಗೊತ್ತಾತು ಬಿಡ್ರಿ. ನಿಮ್ಮ ಕನ್ನಡ ಕೇಳಿದ್ರ ರೇಡಿಯೋದಾಗ ವಾರ್ತೆ ಓದಿಧಂಗ ಐತಿ."

ಅಂದಿನಿಂದ ನಾನು 'ಮೈಸೂರವ್ವ' ಆದೆ. ನನ್ನ ಗಂಡ ಗೋಡೆ ತಟ್ಟಿ ನೋಡಿ, ಇಂಥ ಗೋಡೆಯೊಳಗೆ ಮೊಬೈಲು ಸಿಗುವುದಿಲ್ಲ, ಇಂಟರ್‌ನೆಟ್ ಬೇರೆಯಾಗಿ ಹಾಕಿಸಿಕೊಳ್ಳಬೇಕು ಎಂದ. ಕಾಕು ಮೇಲೆ ಕೈ ತೋರಿಸಿದರು. "ನಮ್ಮ ಮನ್ಯಾಗ ಐತಲ್ಲ. ಅದನ್ನ ಹಚ್ಕೊಳ್ರಿ."

"ಇಲ್ಲ ಅಮ್ಮಾ, ನನ್ನದು ಕೆಲಸ ಜಾಸ್ತಿ. ನಿಮಗೆ ತೊಂದರೆ ಆಗುತ್ತೆ."

"ಮ್ಯಾಲಿನ ಟಾಕಿ ನೀರು ಕೆಳಗ ಬರತೈತಿಲ್ಲೋ? ನೆಟ್ ಯಾಕ ಬರಬಾರ್ದು?"

ಆ ಪ್ರಶ್ನೆಗೆ ತಾಂತ್ರಿಕವಾದ ಉತ್ತರಗಳಿದ್ದವು. ನನ್ನ ಗಂಡ ಅವನ್ನು ಒಂದೊಂದಾಗಿ ಹೇಳತೊಡಗಿದ. ಕಾಕು ಅಷ್ಟರಲ್ಲಿ ಮನೆಯ ಬೀಗದ ಕೈ ನನ್ನ ಕೈಗೆ ಕೊಟ್ಟು ಚಹಾ ಮಾಡಲು ಒಳಗೆ ಹೋಗಿಯಾಗಿತ್ತು.

ಆ ಲೈನು ಬಂದ ಕಥೆಯನ್ನು ಕಾಕಾ ಆಮೇಲೆ ಹೇಳಿದರು. ನೆಟ್ಟಿನ ಪೆಟ್ಟಿಗೆ ಜೋಡಿಸಲು ಬಂದವನು ಹಿಂದಿಯಲ್ಲಿ, ಇದು ಒಂದು ಮನೆಗೆ ಮಾತ್ರ, ಎಷ್ಟು ಮನೆಗೆ ಬೇಕು ಎಂದು ಕೇಳಿದನಂತೆ. ಕಾಕು ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ನಿಲ್ಲಿಸಿ, ಮಹಡಿಯನ್ನೂ ಕೆಳಗಿನ ಎರಡು ಬಾಡಿಗೆ ಭಾಗಗಳನ್ನೂ ಸೇರಿಸಿ ಗಾಳಿಯಲ್ಲಿ ಕೈಯಿಂದ ಒಂದು ಸುತ್ತು ಗೆರೆ ಎಳೆದು, "ಯೇ ಏಕ್ ಘರ್ ಹೈ" ಅಂದರಂತೆ. ಅವನು ವಾದಿಸಲಿಲ್ಲ. ಕಾಕುವಿನ ಜೊತೆ ವಾದಿಸುವವರ ಮುಖದಲ್ಲಿ ಬೇರೆಯೇ ಒಂದು ಕಳೆ ಇರಬೇಕಾಗುತ್ತದೆ, ಅದು ನಾಗಪುರದಲ್ಲಿ ಯಾರಿಗೂ ಇರಲಿಲ್ಲ.

ಹೀಗೆ ಒಂದು ಲೈನು, ಮೂರು ಸಂಸಾರ. ಮೇಲೆ ಕಾಕಾನ ಲ್ಯಾಪ್‌ಟಾಪು. ಕೆಳಗೆ ಮುಂದಿನ ಭಾಗದಲ್ಲಿ ನನ್ನ ಗಂಡನ ದೊಡ್ಡ ಕಂಪ್ಯೂಟರು, ನನ್ನ ಸಣ್ಣದು. ಹಿಂದಿನ ಭಾಗದಲ್ಲಿ ವೈಶಾಲಿಯ ಮನೆ. ಅವಳು ಮರಾಠಿಯವಳು. ಅವಳ ಗಂಡನಿಗೆ ಉಮರೇಡ್‌ನ ಕಲ್ಲಿದ್ದಲು ಗಣಿಯ ಕಚೇರಿಯಲ್ಲಿ ಕೆಲಸ, ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಬರುವುದು ಸಂಜೆಗೆ. ಅವಳದು ಮೇಜಿನಿಂದ ಅಲುಗಾಡದ ಹಳೆಯ ಕಂಪ್ಯೂಟರು, ಅದರ ತಲೆಯ ಮೇಲೆ ಕ್ಲಿಪ್ಪಿನಂತೆ ಸಿಕ್ಕಿಸಿದ ಒಂದು ಕ್ಯಾಮೆರಾ.

ನೆಟ್ಟಿನ ವಿಷಯದಲ್ಲಿ ಕಾಕುವಿನ ತಿಳಿವಳಿಕೆ ಅವರದೇ ಆಗಿತ್ತು. ನೆಟ್ಟನ್ನು ಜಗ್ಗುವವರಿದ್ದಾರೆ, ಬಿಡುವವರಿದ್ದಾರೆ. ಒಬ್ಬರು ಜಾಸ್ತಿ ಜಗ್ಗಿದರೆ ಇನ್ನೊಬ್ಬರಿಗೆ ಸಡಿಲಾಗುತ್ತದೆ. ಬೇಸಿಗೆಯಲ್ಲಿ ಪೆಟ್ಟಿಗೆ ಬಿಸಿಯಾಗಿ ನಿಂತುಬಿಡುತ್ತಿದ್ದುದರಿಂದ ಅದಕ್ಕೂ ಉಷ್ಣವಾಗುತ್ತದೆಂದು ತೀರ್ಮಾನಿಸಿ, ಕೂಲರಿನ ಗಾಳಿ ನೇರ ಬೀಳುವ ಜಾಗದಲ್ಲಿ ಒಂದು ಮಣೆ ಹಾಕಿ ಅದನ್ನು ಕೂರಿಸಿದರು. ನಾಗಪುರದ ಮೇ ತಿಂಗಳ ಮಧ್ಯಾಹ್ನ ಕಾಕಾ ಬನಿಯನ್ನಿನಲ್ಲಿ ಬೆವರುತ್ತ ಮೂಲೆಯಲ್ಲಿ ಕುಳಿತಿರುತ್ತಿದ್ದರು, ಪೆಟ್ಟಿಗೆ ತಂಪಾಗಿ ಲಾವಂಚದ ವಾಸನೆ ಕುಡಿಯುತ್ತಿತ್ತು. "ಮನಷ್ಯಾ ತಡ್ಕೋತಾನ, ಮಷೀನು ತಡ್ಕೊಳ್ಳೂದಿಲ್ಲ" ಎನ್ನುವುದು ಕಾಕುವಿನ ಸಮಜಾಯಿಷಿ. ನಗಬೇಡಿ, ಆ ಬೇಸಿಗೆಯಲ್ಲಿ ನಮ್ಮ ರಸ್ತೆಯಲ್ಲಿ ಎಲ್ಲರ ನೆಟ್ಟೂ ಕೈಕೊಟ್ಟಾಗ ನಮ್ಮದು ಮಾತ್ರ ನಡೆಯುತ್ತಿತ್ತು.

ಒಮ್ಮೆ ವಾರಗಟ್ಟಲೆ ನೆಟ್ಟು ತೆವಳಿತು. ಕಾಕು ಕೂಗಿದಾಗಲೆಲ್ಲ ನನ್ನ ಗಂಡ ತನ್ನ ನಕ್ಷೆಗಳನ್ನು ನಿಲ್ಲಿಸಿದ, ನಾನು ನಿಲ್ಲಿಸಿದೆ, ವೈಶಾಲಿ ಕರೆಂಟಿನ ವೈರನ್ನೇ ಕಿತ್ತಳು. ಆದರೂ ಯಾರೋ ಜಗ್ಗುತ್ತಲೇ ಇದ್ದರು. ಪಕ್ಕದ ಮನೆಯವರ ಮೇಲೆ ಅನುಮಾನ ಹೋಯಿತು. ಕೊನೆಗೊಂದು ದಿನ ಮಹಡಿಯ ಹಿಂದಿನ ಕೋಣೆಯಿಂದ ಡೊಳ್ಳಿನ ಸದ್ದು, ಸಾವಿರಾರು ಜನರ ಶಿಳ್ಳೆ ಕೇಳಿಸಿತು. ಕಾಕು ಬಾಗಿಲು ತಳ್ಳಿದರೆ, ಕಾಕಾ ಗೋಡೆಯ ಕಡೆ ಮುಖ ಮಾಡಿ ಮಂಡಿಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕುಸ್ತಿ ನೋಡುತ್ತ, ಕುಳಿತಲ್ಲೇ ಎಡಗೈಯಿಂದ ಯಾರಿಗೋ ಪಟ್ಟು ಹಾಕುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಜೀವಮಾನವಿಡೀ ಯಾರಿಗೂ ಎದುರು ಮಾತಾಡದೆ ನಿವೃತ್ತರಾದ ಮನುಷ್ಯ.

"ಊರ ಮಂದೀನ್ನ ಬೈದೆ, ಕಳ್ಳ ಮನ್ಯಾಗ ಕುಂತಿದ್ದ!" ಎಂದು ಕಾಕು ನಮ್ಮನ್ನೆಲ್ಲ ಮೇಲೆ ಕರೆದು ಕಳ್ಳನನ್ನು ತೋರಿಸಿದರು. ಆಮೇಲೆ ತಾವೂ ಪಕ್ಕದಲ್ಲಿ ಕುಳಿತು ಆ ಕುಸ್ತಿ ಮುಗಿಯುವವರೆಗೆ ನೋಡಿದರು. ಕೆಂಪು ಲಂಗೋಟಿಯವನು ಗೆದ್ದಾಗ ಚಪ್ಪಾಳೆ ಹೊಡೆದವರೂ ಅವರೇ.

ಇನ್ನು ಪಾಸ್‌ವರ್ಡಿನ ಸಂಪ್ರದಾಯ. ಅದನ್ನು ಬದಲಿಸುವುದನ್ನು ನನ್ನ ಗಂಡ ಅವರಿಗೆ ಒಮ್ಮೆ ಕಲಿಸಿದ್ದ. ಅದೇ ತಪ್ಪಾಯಿತು. ಯಾವುದೇ ಹಬ್ಬ ಬರಲಿ, ಬಾಗಿಲಿಗೆ ಹೊಸ ತೋರಣ ಕಟ್ಟಿದ ಕೂಡಲೇ ಕಾಕು ಹಳೆಯ ಪಾಸ್‌ವರ್ಡು ತೆಗೆದು ಹೊಸದು ಹಾಕುತ್ತಿದ್ದರು. ಹಬ್ಬದ ದಿನ ಹಳೇದು ಇಟ್ಟುಕೊಳ್ಳುವುದು ಅವರ ಪ್ರಕಾರ ಮೈಲಿಗೆ. ಎಂಟು ಅಕ್ಷರಕ್ಕಿಂತ ಕಡಿಮೆ ಇದ್ದರೆ ಪೆಟ್ಟಿಗೆ ಒಪ್ಪುತ್ತಿರಲಿಲ್ಲವಾಗಿ ಅವರ ಪಾಸ್‌ವರ್ಡುಗಳು ಶಬ್ದಗಳಾಗಿರದೆ ಇಡೀ ಮಾತುಗಳಾಗಿರುತ್ತಿದ್ದವು. 'ಊಟ ಆತೇನ್ರಿ' ಒಮ್ಮೆ. 'ಚಾ ಕುಡದ ಹೋಗ್ರಿ' ಒಮ್ಮೆ. ಸಂಕ್ರಾಂತಿಗೆ 'ಎಳ್ಳು ತೊಗೊಳ್ರಿ'. ಹಬ್ಬದ ತಟ್ಟೆ ಕೈಗೆ ಕೊಡುವಾಗ ಅವರ ಬಾಯಿಂದ ಏನು ಬರುತ್ತಿತ್ತೋ ಅದೇ ಪಾಸ್‌ವರ್ಡು. ತಟ್ಟೆ ಹಂಚಿದ ಮೇಲೆ ಮನೆಮನೆಗೆ ಬಂದು, "ಸರೀರಿ" ಎಂದು ನಮ್ಮನ್ನು ಪಕ್ಕಕ್ಕೆ ತಳ್ಳಿ, ಇಂಗ್ಲಿಷ್ ಅಕ್ಷರಗಳನ್ನು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿ, ಎಲ್ಲ ಕಂಪ್ಯೂಟರುಗಳಿಗೂ ತಾವೇ ಹೊಡೆದು ಕೊಡುವರು. ಮಾತು ನಮಗೆ ಗೊತ್ತಿರುತ್ತಿತ್ತು. ಅದನ್ನು ಅವರು ಹೇಗೆ ಬರೆಯುತ್ತಾರೆಂದು ನಾವು ಯಾವತ್ತೂ ನೋಡಲಿಲ್ಲ.

ಕಾಕುವಿಗೆ ಈ ಲೈನು, ಕೂಗು, ಯಾರು ಹಿಡಿದಿದ್ದಾರೆ ಯಾರು ಬಿಟ್ಟಿದ್ದಾರೆ ಎನ್ನುವ ಲೆಕ್ಕಾಚಾರವೆಲ್ಲ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ವೈಶಾಲಿಯ ಕೆಲಸದ ಪ್ರಸಂಗ ಶುರುವಾದ ಮೇಲೆ.

ವೈಶಾಲಿ ಮದುವೆಗೆ ಮುಂಚೆ ಆಸ್ಪತ್ರೆಯೊಂದರ ಸ್ವಾಗತದ ಮೇಜಿನಲ್ಲಿ ಕೆಲಸ ಮಾಡಿದವಳು. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದಳು. ಮಗಳು ಶಾಲೆಗೆ ಹೋಗತೊಡಗಿದಾಗಿನಿಂದ ಮತ್ತೆ ಕೆಲಸ ಹುಡುಕುತ್ತಿದ್ದಳು, ಎಲ್ಲ ಕಡೆ ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳಿ ಬಾಗಿಲು ಹಾಕುತ್ತಿದ್ದರು. ಅವಳ ಗಂಡ ಒಳ್ಳೆಯವನೇ, ಆದರೆ ದಿನಾ ಬಸ್ಸಿನಲ್ಲಿ ಅಲೆದು ಸುಸ್ತಾಗಿದ್ದ. ಉಮರೇಡ್‌ನಲ್ಲಿ ಕಂಪನಿಯ ಕ್ವಾರ್ಟರ್ಸು ಸಿಗುತ್ತದೆ, ಇನ್ನೊಂದು ಸಲ ಪ್ರಯತ್ನ ಮಾಡು, ಆಗದಿದ್ದರೆ ಅಲ್ಲಿಗೇ ಹೋಗೋಣ ಎಂದಿದ್ದ. ಅಲ್ಲಿಗೆ ಹೋದರೆ ಕೆಲಸದ ಮಾತು ಮುಗಿದಂತೆ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಷ್ಟರಲ್ಲಿ ದೆಹಲಿಯ ಕಡೆಯ ಒಂದು ಕಂಪನಿಯಿಂದ ಕರೆ ಬಂತು. ಜನ ಫೋನು ಮಾಡಿ ಹೇಳುವ ದೂರುಗಳನ್ನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಹಿಂದಿ, ಮರಾಠಿಯಲ್ಲಿ ಕೇಳಿ ಉತ್ತರ ಹೇಳುವ ಕೆಲಸ. ಸಂದರ್ಶನವೂ ಕಂಪ್ಯೂಟರಿನಲ್ಲೇ.

ಇದನ್ನು ಕೇಳಿ ಕಾಕು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಅಯ್ಯ, ಇದು ನಂದ ಕೆಲಸ!"

ಮದುವೆಗೆ ಮುಂಚೆ ಅವರು ವಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರಂತೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತರೆ ಇಡೀ ಜಿಲ್ಲೆಯ ಮಾತು ತಮ್ಮ ಕೈಯಿಂದಲೇ ಹಾದುಹೋಗುತ್ತಿತ್ತು ಎಂದರು. ಸೊಲ್ಲಾಪುರಕ್ಕೆ ಟ್ರಂಕ್ ಕಾಲ್ ಹಚ್ಚಲು ಕಾದಿದ್ದ ಹತ್ತಿ ವ್ಯಾಪಾರಿಗಳು ಬೈಯುತ್ತಿದ್ದರು, ಹೆರಿಗೆಯ ಸುದ್ದಿ ಹೇಳುವವರು ಅಳುತ್ತಿದ್ದರು. ಮದುವೆಯಾಗಿ ನಾಗಪುರಕ್ಕೆ ಬಂದಾಗ ವರ್ಗ ಸಿಗಲಿಲ್ಲ. ಇಲ್ಲಿ ಮನೆ ತುಂಬ ಜನ. ಬಿಟ್ಟರು. "ಬಿಟ್ಟೆ" ಎಂದಷ್ಟೇ ಹೇಳಿ ಸೌಟನ್ನು ಸೆರಗಿನಿಂದ ಒರೆಸತೊಡಗಿದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ತಾಲೀಮು. ಕಾಕು ಮಹಡಿಯಿಂದ ವೈಶಾಲಿಗೆ ಫೋನು ಮಾಡಿ ದಿನಕ್ಕೊಬ್ಬ ಸಿಟ್ಟಿನ ಗಿರಾಕಿಯಾಗುತ್ತಿದ್ದರು. ಒಂದು ದಿನ ಕಾಮಠಿಯ ಅಂಗಡಿಯವನು, ಒಂದು ದಿನ ಕಿವಿ ಕೇಳದ ಅಜ್ಜಿ, ಒಂದು ದಿನ ಇಂಗ್ಲಿಷ್ ಮಾತ್ರ ಆಡುವ ಕರ್ನಲ್. ಗೋಡೆಯೊಳಗೆ ಸಿಗ್ನಲ್ ನಿಲ್ಲದ್ದರಿಂದ ಫೋನು ನಡುವೆ ಕಟ್ಟಾಗುತ್ತಿತ್ತು, ಕರ್ನಲ್ ಮೆಟ್ಟಿಲಿಗೇ ಬಂದು ಬೈಗುಳ ಪೂರ್ತಿ ಮಾಡುತ್ತಿದ್ದ. ವೈಶಾಲಿ ನಡುವೆ ಬಾಯಿ ಹಾಕಿದರೆ ಕಾಕು ತಡೆಯುವರು. "ಅಗ, ಥಾಂಬ್! ಮೊದ್ಲ ಅವ್ರ ಹೊಟ್ಟ್ಯಾಗಿಂದೆಲ್ಲಾ ಹೊರಗ ಬರಲಿ. ಆಮ್ಯಾಲ ಅವ್ರ ಹೆಸರು ಹಿಡದು ಒಂದ ಸಲ ಕರಿ. ಹೆಸರು ಕೇಳಿದ್ರ ಅರ್ಧಾ ಸಿಟ್ಟು ಇಳೀತೈತಿ." ಕಾಕಾನನ್ನೂ ಒಂದು ಸಲ ಗಿರಾಕಿ ಮಾಡಿದರು. ಅವರು ಫೋನು ಹಿಡಿದು, "ನಮ್ಮದು ಕೆಟ್ಟೈತಿ. ಆದ್ರ ಇರ್ಲಿ ಬಿಡ್ರಿ, ಪರವಾ ಇಲ್ಲ, ನಿಮಗ್ಯಾಕ ತ್ರಾಸು" ಎಂದು ಇಟ್ಟುಬಿಟ್ಟರು. ಮತ್ತೆ ಅವರನ್ನು ಕರೆಯಲಿಲ್ಲ.

ಸಂದರ್ಶನ ಯುಗಾದಿಯ ಮರುದಿನ ಎಂದು ಗೊತ್ತಾಗಿತ್ತು. ಯುಗಾದಿಯ ಬೆಳಿಗ್ಗೆ ವೈಶಾಲಿ ಅಂಗಳದಲ್ಲಿ ಉದ್ದನೆಯ ಕೋಲಿಗೆ ರೇಷ್ಮೆ ಬಟ್ಟೆ ಕಟ್ಟಿ, ಮೇಲೆ ತಂಬಿಗೆ ಬೋರಲು ಹಾಕಿ ಗುಡಿ ಏರಿಸಿದಳು. ಮರಾಠಿಯವರಿಗೆ ನಮ್ಮ ಯುಗಾದಿಯೇ ಪಾಡವಾ. ಕಾಕು ಕೆಂಪು ಅಂಚಿನ ಸೀರೆಯಲ್ಲಿ ಅವಸರದಿಂದ ಇಳಿದು ಬಂದರು. ಹೊರಗೆ ಆಟೋದಲ್ಲಿ ಕಾಕಾ ಕಾಯುತ್ತಿದ್ದರು, ಕಾಮಠಿಯಲ್ಲಿ ನಾದಿನಿಯ ಮನೆಗೆ ಊಟಕ್ಕೆ ಹೋಗುವುದಿತ್ತು. ನನಗೂ ವೈಶಾಲಿಗೂ ತಟ್ಟೆ ಕೊಟ್ಟು, "ಹೋಳಗಿ ತಿನ್ರಿ" ಎಂದರು. ಹೋಗುತ್ತ ಹೋಗುತ್ತ, "ಎಲ್ಲಾರಿಗೂ ಸಂಜಿಗೆ ಬಂದು ಹೊಡದ ಕೊಡ್ತೀನಿ. ಇವತ್ತ ಹಬ್ಬ, ನೆಟ್ ಬಿಟ್ಟು ಸುಮ್ನ ಕುಂದ್ರಿ" ಎಂದರು. ಪಾಸ್‌ವರ್ಡು ಬದಲಾಗಿತ್ತು, ನಮ್ಮ ಯಾರ ಕಂಪ್ಯೂಟರಿಗೂ ಇನ್ನೂ ಹೊಡೆದಿರಲಿಲ್ಲ.

ಆಟೋ ಹೋದ ಸ್ವಲ್ಪ ಹೊತ್ತಿಗೆ ವೈಶಾಲಿ ಅಂಗಳದಿಂದ ಓಡಿ ಬಂದಳು. ಕೈಯಲ್ಲಿ ಫೋನು. ಹೊರಗೆ ನಿಂತಾಗ ಕಂಪನಿಯವರ ಸಂದೇಶ ಬಂದಿತ್ತು. ನಾಳೆ ಸಂದರ್ಶನ ಮಾಡಬೇಕಿದ್ದವರು ಬೇರೆ ಊರಿಗೆ ಹೊರಟಿದ್ದಾರೆ, ಸಂದರ್ಶನ ಇಂದು ಮಧ್ಯಾಹ್ನ. ದೆಹಲಿಯಲ್ಲಿ ಅವರಿಗೆಲ್ಲಿಯ ಯುಗಾದಿ!

ಕಾಕುವಿಗೆ ಫೋನು ಮಾಡಿದೆ. ಅದು ಬೀಗ ಹಾಕಿದ ಮಹಡಿಯ ಮನೆಯ ಕಿಟಕಿಯಲ್ಲಿ ಬಡಿದುಕೊಂಡಿತು. ಹಬ್ಬದ ದಿನ ಅದನ್ನು ಹೊತ್ತುಕೊಂಡು ತಿರುಗುವುದು ಅವರಿಗೆ ಸೇರುತ್ತಿರಲಿಲ್ಲ. ಕಾಕಾನ ಫೋನು ಹತ್ತಲೇ ಇಲ್ಲ, ಅದರ ಬ್ಯಾಟರಿ ಬೆಳಗಿನ ಕುಸ್ತಿಗೆ ಮುಗಿದಿತ್ತೆಂದು ಆಮೇಲೆ ಗೊತ್ತಾಯಿತು. ನನ್ನ ಗಂಡ ತನ್ನ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ ಅದರ ನೆಟ್ಟನ್ನು ವೈಶಾಲಿಯ ಕಂಪ್ಯೂಟರಿಗೆ ಕೊಟ್ಟು ನೋಡಿದ. ಅವಳ ಮುಖ ಪರದೆಯ ಮೇಲೆ ಅರ್ಧ ತೆರೆದ ಬಾಯಿಯೊಂದಿಗೆ ನಿಂತಿತು, ಅಲ್ಲಾಡಲಿಲ್ಲ.

"ಕನ್ನಡ ಪಾಸ್‌ವರ್ಡು ತಾನೇ? ನನಗೆ ಬಿಡಿ" ಎಂದು ನಾನು ಕುರ್ಚಿ ಎಳೆದುಕೊಂಡೆ. ಮಾತು ಗೊತ್ತಿತ್ತು, ಬರೆಯುವುದಷ್ಟೇ ಬಾಕಿ. ಎಚ್, ಓ, ಎಲ್, ಐ, ಜಿ, ಇ. ಹೋಳಿಗೆ. ಮುಂದೆ ತಿನ್ನಿರಿ. ತಪ್ಪು ಎಂದಿತು. ದೀರ್ಘಕ್ಕೆ ಎರಡು ಓ ಹಾಕಿದೆ. ತಪ್ಪು. ತಿನ್ನಿರಿಯನ್ನು ತಿನ್ರಿ ಮಾಡಿದೆ. ತಪ್ಪು. ಎಲ್ ಅಕ್ಷರವನ್ನು ದೊಡ್ಡದು ಮಾಡಿದರೆ ಳಕಾರ ಆದೀತೆಂದು ಅದನ್ನೂ ಮಾಡಿದೆ. ನನ್ನ ಗಂಡ ಹಿಂದೆ ನಿಂತು, "ಒಬ್ಬಟ್ಟು ಅಂತ ಹಾಕಿ ನೋಡು" ಎಂದ. ವಿಜಾಪುರದ ಕಾಕು ಒಬ್ಬಟ್ಟು ಎನ್ನುತ್ತಾರೆಯೇ? ಹಾಕಿಯೂ ನೋಡಿದೆ. ಗಡಿಯಾರ ನೋಡುವ ಧೈರ್ಯ ಮೂವರಿಗೂ ಇರಲಿಲ್ಲ. ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು ನಿಂತಿದ್ದ ವೈಶಾಲಿಯ ಕಣ್ಣು ತುಂಬಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ, ಕಾಡಿಗೆ ಹಾಳಾಗುತ್ತದೆಂದು.

ನಾನು ಮತ್ತೊಮ್ಮೆ ಅಕ್ಷರ ಅಕ್ಷರ ಬಿಡಿಸಿ "ಹೋ-ಳಿ-ಗೆ" ಎಂದು ಹೇಳಿಕೊಳ್ಳುತ್ತಿದ್ದಾಗ ಅವಳು ತಟ್ಟನೆ ನನ್ನ ಭುಜ ಹಿಡಿದಳು.

"ತಾಈ, ಕಾಕು ಅಸ ನಾಹೀ ಮ್ಹಣತ್!" ಅಕ್ಕಾ, ಕಾಕು ಹಾಗೆ ಹೇಳುವುದಿಲ್ಲ.

ನಾನು ಎದ್ದೆ. ಅವಳು ಕುಳಿತು ಕಣ್ಣು ಮುಚ್ಚಿ, ತಟ್ಟೆ ಹಿಡಿದವಳಂತೆ ಕೈ ಚಾಚಿ, ಕಾಕುವಿನ ದನಿಯಲ್ಲಿ ಒಂದು ಸಲ ಹೇಳಿದಳು: "ಹೋಳ್‌ಗಿ ತಿನ್ರಿ." ಕಣ್ಣು ತೆರೆದು ಅದನ್ನೇ ಹಾಗೆಯೇ ಒತ್ತಿದಳು. ಎಚ್, ಓ, ಎಲ್, ಜಿ, ಐ. ಟಿ, ಐ, ಎನ್, ಆರ್, ಐ.

ಪರದೆಯ ಮೂಲೆಯಲ್ಲಿ, ನೆಟ್ಟು ಹತ್ತಿತೆಂದು ತೋರಿಸುವ ಆ ಸಣ್ಣ ಬೀಸಣಿಗೆ ಬಿಳಿಯಾಗಿ ಅರಳಿತು.

ಕನ್ನಡದ ಒಂದಕ್ಷರ ಓದಲು ಬಾರದವಳು. ಅವಳಿಗೆ ಗೊತ್ತಿದ್ದ ಕನ್ನಡವೆಲ್ಲ ಕಾಕುವಿನ ಬಾಯಿಂದ ಬಿದ್ದದ್ದು, ಆದ್ದರಿಂದ ಅವಳಿಗೆ ದಾರಿ ತಪ್ಪಿಸಲು ಪುಸ್ತಕಗಳಿರಲಿಲ್ಲ. ಕಾಕುವಾದರೂ ಅಷ್ಟೆ, ಮನೆಯನ್ನು ಮನಿ ಎನ್ನುವವರು ಹೋಳಿಗೆಯನ್ನು ಎಲ್ಲಿ ಹೋಳಿಗೆ ಎಂದು ಬರೆಯುತ್ತಾರೆ? ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆಗ ನನಗಾದ ಸಂತೋಷದಲ್ಲಿ ನಾಚಿಕೆಗೆ ಜಾಗವೂ ಇರಲಿಲ್ಲ, ನಾನು ವೈಶಾಲಿಯ ಗಲ್ಲ ಹಿಂಡಿ ಕಾಡಿಗೆಯನ್ನು ಪೂರ್ತಿ ಹಾಳು ಮಾಡಿದೆ.

ನನ್ನ ಗಂಡ ತನ್ನ ಕಂಪ್ಯೂಟರನ್ನು ಆರಿಸಿದ. ನನ್ನದನ್ನು ನಾನು ಮುಚ್ಚಿದೆ. ಇಬ್ಬರೂ ಅವಳ ಬಾಗಿಲ ಹೊರಗೆ ಅಂಗಳದಲ್ಲಿ ಗುಡಿಯ ಪಕ್ಕ ನಿಂತೆವು. ಒಳಗಿನಿಂದ ಒಬ್ಬ ಗಂಡಸು ಹಿಂದಿಯಲ್ಲಿ ಅರಚುವುದು ಕೇಳಿಸಿತು. ನಾನು ಗಾಬರಿಯಾದೆ. ಆಮೇಲೆ ತಿಳಿಯಿತು, ಪರೀಕ್ಷೆ ಮಾಡಲು ಸಿಟ್ಟಿನ ಗಿರಾಕಿಯಂತೆ ನಟಿಸುತ್ತಿದ್ದಾನೆ. ವೈಶಾಲಿ ಮಾತಾಡಲಿಲ್ಲ. ಅವನು ಇನ್ನಷ್ಟು ಅರಚಿದ. ಆಗಲೂ ಅವಳು ಮಾತಾಡಲಿಲ್ಲ. ಅವನ ಹೊಟ್ಟೆಯೊಳಗಿನದೆಲ್ಲ ಹೊರಬಿದ್ದ ಮೇಲೆ ಅವನ ಹೆಸರಿಗೆ 'ಜೀ' ಸೇರಿಸಿ ಮೆಲ್ಲಗೆ ಒಂದು ಸಲ ಕರೆದಳು. ಆ ಮನುಷ್ಯ ಸಿಟ್ಟು ನಟಿಸುವುದನ್ನು ಮರೆತು ನಕ್ಕುಬಿಟ್ಟ.

ಸಂಜೆ ಕಾಕು ಬಂದಾಗ ಮೂವರೂ ಒಟ್ಟಿಗೆ ಮಾತಾಡಿದೆವು. ಅರ್ಧ ಕೇಳುವಷ್ಟರಲ್ಲಿ ಅವರ ಮುಖ ಇಳಿಯಿತು. "ನನ್ನ ಕೈ ಮುರಿಲಿ, ಇವತ್ತ ಬದ್ಲಿ ಮಾಡಬಾರ್ದಿತ್ತು. ಈ ಹುಡುಗಿ ಅನ್ನಾನ ಕಸಗೊಂಡಂಗ ಆಗ್ತಿತ್ತಲ್ಲ" ಎಂದು ವೈಶಾಲಿಯ ತಲೆ ಸವರಿದರು, ಕಣ್ಣಲ್ಲಿ ನೀರು ಬಂತು. ಪೂರ್ತಿ ಕೇಳಿದ ಮೇಲೆ ಅದೇ ಕಣ್ಣುಗಳಲ್ಲಿ ನನ್ನನ್ನು ನೋಡಿದರು.

"ಮೈಸೂರವ್ವಾ, ಬ್ಯಾಂಕಿನ ಆಫೀಸರ್ ಆಗಿ ಒಂದು ಹೋಳಗಿ ತಿನ್ನಾಕ ಬರಲಿಲ್ಲ ನಿನಗ?"

ಆಮೇಲೆ ನಕ್ಕದ್ದು ಎಷ್ಟು ಹೊತ್ತೋ. ಕಾಕಾ ಕೂಡ ಸದ್ದು ಬರುವಂತೆ ನಕ್ಕರು.

ಕೆಲಸ ಸಿಕ್ಕ ಸುದ್ದಿ ಬಂದ ದಿನ ವೈಶಾಲಿಯ ಗಂಡನೇ ಪೇಢೆ ತಂದು ಹಂಚಿದ. ಕ್ವಾರ್ಟರ್ಸಿನ ಮಾತು ಮತ್ತೆ ಬರಲಿಲ್ಲ, ಅವನು ಬಸ್ಸನ್ನೇ ರೂಢಿ ಮಾಡಿಕೊಂಡ. ಕಾಕು ಎಲ್ಲರಿಗೂ ಹುಕುಂ ಹೊರಡಿಸಿದರು: ವೈಶಾಲಿ ಡ್ಯೂಟಿಯಲ್ಲಿದ್ದಾಗ ಯಾರೂ ಜಾಸ್ತಿ ಜಗ್ಗುವಂತಿಲ್ಲ. ನನ್ನ ಗಂಡನ ನಕ್ಷೆಗಳು ಅವಳ ಊಟದ ವೇಳೆಯಲ್ಲಿ ಬೆಂಗಳೂರಿಗೆ ಹೋಗತೊಡಗಿದವು.

ಅವಳ ಮೊದಲ ದಿನ ನಾನು ಬ್ಯಾಂಕಿಗೆ ಹೊರಡಲು ಬಾಗಿಲು ಹಾಕುತ್ತಿದ್ದಾಗ ಕಾಕು ಮೆಟ್ಟಿಲು ಇಳಿದು ಬಂದರು. ಇಳಕಲ್ ರೇಷ್ಮೆ ಸೀರೆ, ತುರುಬಿಗೆ ಮೊಗ್ಗಿನ ದಂಡೆ, ಕಂಕುಳಲ್ಲಿ ಒಂದು ಕರಿಯ ಕೈಚೀಲ.

"ಎಲ್ಲಿಗೆ ಹೊರಟಿರಿ ಕಾಕು? ಮದುವೆ ಇದೆಯಾ?"

"ಆಫೀಸಿಗೆ" ಎಂದರು. ನಾನು ಬೆಪ್ಪಾಗಿ ನಿಂತದ್ದನ್ನು ನೋಡಿ, "ಹಂಗ್ಯಾಕ ನೋಡ್ತಿ? ನಾ ಆಫೀಸು ಬಿಟ್ಟು ಬಂದೆ. ಈಗ ಆಫೀಸ ನನ್ನ ಮನಿಗೆ ಬಂದೈತಿ. ಮೊದಲನೇ ದಿನ ಚಲೋ ಸೀರಿ ಉಟಗೊಂಡ ಹೋಗಬೇಕಿಲ್ಲೋ?" ಎಂದರು. ಗೇಟಿನ ಕಡೆ ಹೋಗದೆ ಅಂಗಳ ದಾಟಿ ವೈಶಾಲಿಯ ಮನೆಯೊಳಗೆ ಹೋದರು.

ಮಹಡಿಯಲ್ಲಿ ಕಾಕಾ ಕಟಾಂಜನ ಹಿಡಿದು ನಿಂತಿದ್ದರು. ಲ್ಯಾಪ್‌ಟಾಪು ಆರಿಸಿ ಬಂದಿದ್ದೇನೆಂದು ಕೇಳದೆಯೇ ಹೇಳಿದರು. ಆಮೇಲೆ, ನನಗೋ ಬೇವಿನ ಮರಕ್ಕೋ ಎನ್ನುವಂತೆ, "ಆವತ್ತ ನಾ ನೌಕ್ರಿ ಬಿಡು ಅಂದಿರ್ಲಿಲ್ಲವ್ವಾ. ಬಿಡಬ್ಯಾಡ ಅಂತನೂ ಅಂದಿರ್ಲಿಲ್ಲ" ಎಂದರು. ಬ್ಯಾಂಕಿಗೆ ತಡವಾದರೆ ಆಗಲಿ ಎಂದು ನಾನೂ ವೈಶಾಲಿಯ ಬಾಗಿಲಿಗೆ ಹೋದೆ.

ಕಾಕು ಅವಳ ಹಿಂದೆ ಒಂದು ಕುರ್ಚಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ವೈಶಾಲಿಗೆ ಅದು ಮೊದಲೇ ಗೊತ್ತಿತ್ತೋ ಏನೋ, ಕುರ್ಚಿಗೆ ಹೊಸ ದಿಂಬು ಹಾಕಿದ್ದಳು. ಪರದೆಯ ಮೇಲೆ ದೆಹಲಿಯ ಸಾಹೇಬರು ಬಂದರು. ನಮಸ್ತೆ ಹೇಳಿ, ಅವಳ ಭುಜದ ಹಿಂದೆ ರೇಷ್ಮೆ ಸೀರೆಯನ್ನು ಕಂಡು ಹುಬ್ಬು ಎತ್ತಿದರು.

"ವೈಶಾಲಿಜೀ, ಪೀಛೆ ಕೌನ್ ಬೈಠೀ ಹೈಂ?"

ವೈಶಾಲಿ ಹಿಂದೆ ತಿರುಗಲಿಲ್ಲ. "ಮೇರೀ ಸೀನಿಯರ್ ಹೈಂ, ಸರ್" ಎಂದಳು.

ಸಾಹೇಬರು ಕಾಕುವಿಗೂ ಕೈ ಮುಗಿದರು. ಕಾಕು ತಲೆ ಬಾಗಿಸಿದರು. ಮೊದಲ ಕರೆ ಬಂತು, ಪರದೆಯ ಮೇಲೆ ಒಂದು ಹಸಿರು ದೀಪ ಮಿನುಗತೊಡಗಿತು. ವೈಶಾಲಿ ಈಗ ಹಿಂದೆ ತಿರುಗಿ ಕಾಕುವನ್ನು ನೋಡಿದಳು. ಕಾಕು ಕುರ್ಚಿಯ ಅಂಚಿಗೆ ಸರಿದು, ತಾವೆಲ್ಲಿದ್ದೇವೆಂಬುದನ್ನೇ ಮರೆತು, ನಾನು ಅವರ ಬಾಯಲ್ಲಿ ಯಾವತ್ತೂ ಕೇಳದಿದ್ದ ಒಂದು ಎಳೆಯ, ಚುರುಕಾದ ದನಿಯಲ್ಲಿ ಹೇಳಿದರು:

"ಲೈನ್ ಕೊಟ್ಟೀನಿ, ಮಾತಾಡ್ರಿ."